ಲಡಾಖ್ ಪ್ರವಾಸ: ಮಲಗುವ ಊರಿನ ಎತ್ತರವನ್ನೂ ಮುದ್ರಿಸಿ

ಮಾನ್ಯ ಸಂಪಾದಕರೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನಾಲಿಯಿಂದ ಲೇಹ್‌ಗೆ ಸ್ವಂತ ಕಾರಿನಲ್ಲಿ ಹೋಗುವವರಿಗಾಗಿ ಒಂದು ಪ್ರವಾಸದ ಪಟ್ಟಿ ಬಂದಿತ್ತು. ಮೊದಲ ದಿನ ಬೆಳಗಿನ ಜಾವ ಮನಾಲಿ ಬಿಟ್ಟು ರಾತ್ರಿ ಸರ್ಚುವಿನಲ್ಲಿ ಟೆಂಟ್ ವಾಸ, ಎರಡನೆಯ ದಿನ ಲೇಹ್, ಮೂರನೆಯ ದಿನವೇ ಪ್ಯಾಂಗಾಂಗ್ ಸರೋವರದ ಬಳಿ ಮುಕ್ಕಾಂ. ಎಷ್ಟು ಕಿಲೋಮೀಟರ್, ಎಷ್ಟು ತಾಸು, ಊಟ ಎಲ್ಲಿ ಎಂಬುದೆಲ್ಲ ಅದರಲ್ಲಿತ್ತು. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬ ಒಂದೇ ಒಂದು ಅಂಕಿ ಇರಲಿಲ್ಲ. ನಮ್ಮ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಪುಟ ಹರಿದಾಡಿತು. ಸಂಜೆಯೊಳಗೆ ಹಲವು ಕುಟುಂಬಗಳು "ನಾವೂ ಬರ್ತೀವಿ" ಎಂದು ಹೆಸರು ಬರೆಸಿದವು. ಅವರಲ್ಲಿ ಎಪ್ಪತ್ತು ದಾಟಿದ ಇಬ್ಬರು ಹಿರಿಯರೂ ಇದ್ದಾರೆ, ಮೂರನೆಯ ಇಯತ್ತೆಯ ಮಗುವೂ ಇದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನದು ಪುಣೆಯ ಭೋಸರಿಯಲ್ಲಿ ತಾಡಪತ್ರಿ ಮತ್ತು ಟೆಂಟ್ ಹೊಲಿಯುವ ಸಣ್ಣ ಕಾರ್ಖಾನೆ. ಮೂಲ ಇಂಡಿ ತಾಲೂಕು. ಲಾರಿಗಳಿಗೆ, ಮದುವೆ ಮಂಟಪಗಳಿಗೆ ಹೊದಿಕೆ ಹೊಲಿಯುತ್ತಿದ್ದವನಿಗೆ ಟ್ರೆಕ್ಕಿಂಗ್‌ನವರು ಗಿರಾಕಿಗಳಾದರು. ಹೊಲಿದದ್ದು ಅಲ್ಲಿನ ಗಾಳಿಗೆ ತಡೆಯುತ್ತದೆಯೇ ಎಂದು ನೋಡಲು ಅವರ ಜೊತೆ ಹೋದೆ. ಆಮೇಲೆ ಆ ಬೆಟ್ಟಗಳ ಸೆಳೆತ ಬಿಡಲಿಲ್ಲ. ಲಾಹೌಲ್, ಸ್ಪಿತಿ, ಲಡಾಖಿನ ದಾರಿಗಳಲ್ಲಿ ಕಾರು ಓಡಿಸಿದ್ದೇನೆ, ರಸ್ತೆಬದಿಯ ಹರಳು ನೆಲದಲ್ಲಿ ನಾನೇ ಹೊಲಿದ ಟೆಂಟಿನಲ್ಲಿ ಮಲಗಿದ್ದೇನೆ. ಜನ ಹೋಗಬಾರದು ಎಂಬುದು ನನ್ನ ಮಾತಲ್ಲ. ಹೋಗಲೇಬೇಕು, ನೋಡಲೇಬೇಕು. ಆದರೆ ನಿಮ್ಮ ಪಟ್ಟಿ ಹೇಳಿದ ಹಾಗಲ್ಲ.

ಲೆಕ್ಕ ನೋಡಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಮುಂಬೈ ಅಂತೂ ಕಡಲ ದಂಡೆಯಲ್ಲೇ ಇದೆ. ಮನಾಲಿ ಸುಮಾರು 2,050 ಮೀಟರ್. ಸರ್ಚು ಸುಮಾರು 4,290. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ಮೇಲೆ ಮಹಾರಾಷ್ಟ್ರದ ಕಳಸೂಬಾಯಿಯನ್ನು ಇಟ್ಟರೆ ಲೇಹ್ ಪಟ್ಟಣದ ನೆಲಮಟ್ಟಕ್ಕೆ ಬರುತ್ತೇವೆ. ಸರ್ಚು ಅದಕ್ಕಿಂತಲೂ 700 ಮೀಟರ್ ಮೇಲೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟು, ಅಂದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಎಂಬುದು ಪರ್ವತ ವೈದ್ಯರು ಹೇಳುವ ಕ್ರಮ. ನಿಮ್ಮ ಪಟ್ಟಿಯಂತೆ ಹೋದವರು ಒಂದೇ ದಿನದಲ್ಲಿ 2,200 ಮೀಟರಿಗೂ ಹೆಚ್ಚು ಏರಿ ಮಲಗುತ್ತಾರೆ.

ಹಗಲು ಎತ್ತರದ ಘಟ್ಟ ಹತ್ತಿ ಇಳಿಯುವುದಕ್ಕೂ ರಾತ್ರಿ ಅಲ್ಲೇ ಮಲಗುವುದಕ್ಕೂ ಬಹಳ ವ್ಯತ್ಯಾಸವಿದೆ. ನಿದ್ದೆಯಲ್ಲಿ ಉಸಿರಾಟ ನಿಧಾನವಾಗುತ್ತದೆ, ರಕ್ತದ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಗೆ ತಲುಪಿ ಕೆಲವು ತಾಸು ಕಳೆದ ಮೇಲೆ, ಎಲ್ಲರೂ ರಗ್ಗು ಹೊದ್ದು ಮಲಗಿದಾಗ. ಸರ್ಚುವಿಗೆ ಇನ್ನೊಂದು ತೊಡಕೂ ಇದೆ, ನಕ್ಷೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಎತ್ತರದ ಕಾಯಿಲೆಗೆ ಮೊದಲ ಔಷಧಿಯೇ ಕೆಳಗಿಳಿಯುವುದು. ಸರ್ಚುವಿನಿಂದ ಕೆಳಗಿಳಿಯಬೇಕೆಂದರೆ ಮೊದಲು ಮೇಲೇರಬೇಕು! ಮನಾಲಿ ಕಡೆ ಮರಳಿದರೆ 4,890 ಮೀಟರಿನ ಬಾರಾಲಾಚಾ ಲಾ ಅಡ್ಡ ಇದೆ (ಲಾ ಎಂದರೆ ಘಟ್ಟ). ಲೇಹ್ ಕಡೆ ಹೊರಟರೆ ಗಾಟಾ ಲೂಪ್ಸ್‌ನ 21 ತಿರುವು ಹತ್ತಿ ನಕೀ ಲಾ, ಆಮೇಲೆ 5,000 ಮೀಟರ್ ಮೀರಿದ ಲಾಚುಂಗ್ ಲಾ ದಾಟಬೇಕು. ನಡುವಿನ ಪಾಂಗ್ ಸರ್ಚುವಿಗಿಂತಲೂ ಎತ್ತರದಲ್ಲಿದೆ. ಕಾಯಿಲೆ ಬಿದ್ದವರು ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ಸರ್ಚುವಿನ ಟೆಂಟ್ ಸಾಲಿನಲ್ಲಿ ಒಂದು ರಾತ್ರಿ ಪಕ್ಕದ ಡೇರೆಯಿಂದ ನಮ್ಮ ಕಡೆಯ ಕನ್ನಡ ಕೇಳಿಸಿತು. ಕಲ್ಯಾಣದಲ್ಲಿ ನೆಲೆಸಿದ ಕಲಬುರಗಿಯ ಕುಟುಂಬ. ಹದಿನಾಲ್ಕು ಹದಿನೈದರ ಮಗ ಮಂಚದ ಅಂಚಿನಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳಲು ನೋಡುತ್ತಿದ್ದ. ದಾರದ ತುದಿ ಬೆರಳಿಗೆ ಸಿಗುತ್ತಿರಲಿಲ್ಲ, ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದ. ಸಂಜೆಯಿಂದ ಮೂರು ನಾಲ್ಕು ಸಲ ವಾಂತಿಯಾಗಿತ್ತು. ತಾಯಿ "ಎದ್ದು ನಾಕ್ ಹೆಜ್ಜಿ ನಡೀಯಪಾ" ಅಂದರೆ ಹುಡುಗ ಎದ್ದು ಒಂದೇ ಕಡೆಗೆ ವಾಲಿದ. ಆ ವಾಲಾಟ ಕಂಡರೆ ಮುಂದೆ ಯೋಚಿಸುವುದು ಉಳಿದಿಲ್ಲ. ಮಿದುಳಿಗೆ ಬಾವು ಬರುತ್ತಿರುವ ಗುರುತು ಅದು. ರಾತ್ರಿ ಘಟ್ಟದ ಮೇಲೆ ನೀರು ಹರಿದ ಜಾಗವೆಲ್ಲ ಮಂಜುಗಡ್ಡೆಯಾಗಿರುತ್ತದೆ ಎಂದು ಚಾಲಕ ಹೊರಡಲು ಹೆದರಿದ, ಅವನ ಹೆದರಿಕೆ ಸುಳ್ಳೂ ಅಲ್ಲ. ಮಿಲಿಟರಿಯವರು ಆಮ್ಲಜನಕದ ಸಿಲಿಂಡರ್ ಕೊಟ್ಟರು, ಬೆಳಕು ಹರಿಯುವ ಮುಂಚೆ ಎರಡು ಗಾಡಿ ಜೋಡಿಯಾಗಿ ಹೊರಟವು. ಬಾರಾಲಾಚಾ ದಾಟಿ ಜಿಸ್ಪಾಕ್ಕೆ ಇಳಿಯುವಾಗಲೇ ಹುಡುಗ ಅಮ್ಮನನ್ನು ಗುರುತಿಸಿ ಕರೆಯತೊಡಗಿದನಂತೆ, ಕೇಲಾಂಗ್ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ. ಆ ಕುಟುಂಬದ ಕೈಯಲ್ಲೂ ಒಂದು ಪ್ರವಾಸದ ಪಟ್ಟಿ ಇತ್ತು. ಅದರಲ್ಲೂ ಕಿಲೋಮೀಟರ್‌ಗಳೇ ಇದ್ದವು.

ಹಾಗಾದರೆ ಹೇಗೆ ಹೋಗಬೇಕು? ನನ್ನ ಅನುಭವದಲ್ಲಿ ನಮ್ಮಂಥ ಬಯಲುಸೀಮೆಯವರಿಗೆ, ಕರಾವಳಿಯವರಿಗೆ ಶ್ರೀನಗರದ ಕಡೆಯಿಂದ ಏರಿ ಮನಾಲಿಯ ಕಡೆ ಇಳಿಯುವುದೇ ಸರಿ. ಶ್ರೀನಗರ 1,600 ಮೀಟರಿನ ಆಸುಪಾಸು, ಸೋನಾಮಾರ್ಗ 2,700, ಮುಂದೆ ಜೋಜಿ ಲಾ ದಾಟಿ ದ್ರಾಸ್ ಮೇಲಿಂದ ಕಾರ್ಗಿಲ್‌ಗೆ ಬಂದರೆ ಮತ್ತೆ ಸುಮಾರು 2,700. ಅಲ್ಲಿಂದ ಫೋಟು ಲಾ ಹತ್ತಿ ಇಳಿದು ಸಿಂಧೂ ನದಿಯ ದಡದ ಆಲ್ಚಿಯಲ್ಲಿ ಉಳಿದರೆ 3,100, ಆಮೇಲೆ 3,500ರ ಲೇಹ್. ಒಂದೊಂದೇ ಮೆಟ್ಟಿಲು. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಸುಮ್ಮನಿದ್ದು, ನುಬ್ರಾ ಕಣಿವೆ, ಪ್ಯಾಂಗಾಂಗ್ ನೋಡಿಕೊಂಡು ಮನಾಲಿ ದಾರಿಯಲ್ಲಿ ಮರಳುವಾಗ ಮೈ ಒಗ್ಗಿರುತ್ತದೆ. ಆಗ ಅದೇ ಸರ್ಚುವಿನಲ್ಲಿ ಮಲಗಿ ನಕ್ಷತ್ರ ನೋಡಬಹುದು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ನಡೆದ ಉಗ್ರರ ದಾಳಿಯನ್ನು ನೆನೆದು ಕಾಶ್ಮೀರದ ದಾರಿಯೇ ಬೇಡ ಎನ್ನುವವರು ಸಂಘದಲ್ಲಿದ್ದಾರೆ. ಆ ಅಂಜಿಕೆಗೆ ನಾನು ಎದುರಾಡುವುದಿಲ್ಲ, ಮನೆಮಂದಿಯನ್ನು ಕರೆದೊಯ್ಯುವವರು ತಾವೇ ತೀರ್ಮಾನಿಸಬೇಕು. ಮನಾಲಿಯಿಂದಲೇ ಏರುವುದಾದರೆ ಮನಾಲಿಯಲ್ಲಿ ಎರಡು ರಾತ್ರಿ, 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ ಸಿಸ್ಸು ಅಥವಾ ಕೇಲಾಂಗ್‌ನಲ್ಲಿ ಎರಡು ರಾತ್ರಿ, ಜಿಸ್ಪಾದಲ್ಲಿ ಮತ್ತೊಂದು ಹಾಕಿ. ಅಲ್ಲಿಂದ ಕತ್ತಲಿದ್ದಾಗಲೇ ಹೊರಟು ಸರ್ಚುವಿನಲ್ಲಿ ಮಲಗದೆ ಆ ದಿನವೇ ಲೇಹ್ ಸೇರಿ. ದಿನ ದೊಡ್ಡದಾಗುತ್ತದೆ, ಬೆನ್ನು ನೋಯುತ್ತದೆ, ಇಬ್ಬರು ಚಾಲಕರು ಬೇಕೇಬೇಕು. ಆದರೂ ಮಲಗುವುದು 3,500 ಮೀಟರಿನಲ್ಲಿ, ಆಸ್ಪತ್ರೆ ಇರುವ ಊರಿನಲ್ಲಿ. ಒಂದು ತಲೆನೋವು ಬಂದರೂ ಜಿಸ್ಪಾ ಬಿಟ್ಟು ಮೇಲಕ್ಕೆ ಹೋಗಕೂಡದು.

ಮುಂಚೆ ಮಹಾಬಳೇಶ್ವರ ಹತ್ತಿದ್ದೇನೆ, ಬಿ.ಪಿ. ಸರಿಯಿದೆ, ಜಿಮ್‌ಗೆ ಹೋಗುತ್ತೇನೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಗಟ್ಟಿಮುಟ್ಟಾದ ತರುಣರೇ ಅವಸರದಲ್ಲಿ ಏರಿ ಮೊದಲು ಮಲಗಿಬಿಡುವುದನ್ನು ನೋಡಿದ್ದೇನೆ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ, ಅದನ್ನು ನಂಬಿ ಮೇಲೆ ಉಳಿಯಬೇಡಿ. ಎತ್ತರದ ಕಾಯಿಲೆ ಬಾರದಿರಲೆಂದು ನುಂಗುವ ಡಯಾಮಾಕ್ಸ್ ಮಾತ್ರೆಯನ್ನು ಗೆಳೆಯರ ಮಾತಿನ ಮೇಲೆ ನುಂಗದೆ ನಿಮ್ಮ ಡಾಕ್ಟರರನ್ನು ಕೇಳಿ, ಸಲ್ಫಾ ಔಷಧಿ ಮೈಗೆ ಆಗದವರು ಅದನ್ನು ಮೊದಲೇ ಹೇಳಿ.

ಇನ್ನು ಕಾಲದ ಮಾತು. ನಮ್ಮಲ್ಲಿ ಮಕ್ಕಳ ಮೇ ರಜೆ ನೋಡಿಕೊಂಡು ಹೊರಡುತ್ತಾರೆ. ಮೇ ತಿಂಗಳಲ್ಲಿ ಬಾರಾಲಾಚಾ ದಾರಿ ತೆರೆದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ. ರಸ್ತೆಯ ಎರಡೂ ಬದಿ ಹಿಮದ ಗೋಡೆ ನಿಂತಿರುತ್ತದೆ. ಸ್ಪಿತಿಗೆ ಹೋಗುವ ಕುಂಜುಮ್ ಲಾ ತೆರೆಯಲು ಜೂನ್ ಬಂದರೂ ಬಂತು. ಜುಲೈ, ಆಗಸ್ಟ್‌ನಲ್ಲಿ ಲಡಾಖ್ ಒಣಗಿರುತ್ತದೆ, ಆದರೆ ಅಲ್ಲಿಗೆ ಮುಟ್ಟಿಸುವ ಕುಲು, ಮಂಡಿಯ ದಾರಿ ಮಳೆಗೆ ಕುಸಿಯುತ್ತದೆ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಹೆದ್ದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ಅದೇ ವಾರ 4,250 ಮೀಟರಿನ ಚಂದ್ರತಾಲ್ ಸರೋವರದ ಬಳಿ ಅಕಾಲದ ಹಿಮ ಬಿದ್ದು 250ಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಟೆಂಟುಗಳಲ್ಲೇ ಸಿಕ್ಕಿಬಿದ್ದರು. ಒಳ್ಳೆಯ ತಿಂಗಳು ಸೆಪ್ಟೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಹಿಮ ಕರಗಿದ ನೀರು ರಸ್ತೆಯ ಮೇಲೆ ಹರಿಯುವ ನಾಲಾಗಳು ತಗ್ಗಿರುತ್ತವೆ, ಆಕಾಶ ತೊಳೆದ ಹಾಗಿರುತ್ತದೆ. ಆದರೆ ಸೆಪ್ಟೆಂಬರ್ ಎಂದರೆ ಪುಣೆ ಮುಂಬೈಯಲ್ಲಿ ಗಣಪತಿ! ಮನೆಯಲ್ಲಿ ಗೌರಿ ಕೂರಿಸುವವರು, ಮಂಡಲದಲ್ಲಿ ಜವಾಬ್ದಾರಿ ಇರುವವರು ಊರು ಬಿಡುವುದಿಲ್ಲ. ವಿಸರ್ಜನೆ ಮುಗಿದ ಮರುದಿನವೇ ಹೊರಡಿ, ದೀಪಾವಳಿ ರಜೆಗೆಂದು ಮುಂದೂಡಬೇಡಿ ಎಂದು ನಮ್ಮವರಿಗೆ ಹೇಳಿದ್ದೇನೆ. ದೀಪಾವಳಿ ಹೊತ್ತಿಗೆ ಸರ್ಚು, ಪಾಂಗ್‌ನ ಢಾಬಾದವರು ಡೇರೆ ಕಿತ್ತುಕೊಂಡು ಇಳಿದಿರುತ್ತಾರೆ.

ರಸ್ತೆ ದಾಟುವ ನಾಲಾಗಳ ಬಗ್ಗೆ ಒಂದು ಮಾತು. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಬಿಸಿಲೇರಿದ ಮೇಲೆ ಮಧ್ಯಾಹ್ನ ಮೂರಕ್ಕೆ ಬಾನೆಟ್ ಮಟ್ಟಕ್ಕೆ ಬರುತ್ತದೆ. ಮೇಲಿನ ಹಿಮ ಕರಗಿ ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ಆದ್ದರಿಂದ ಕಷ್ಟದ ದಾರಿ ಏನಿದ್ದರೂ ಬೆಳಗ್ಗೆಯೇ ಮುಗಿಸಬೇಕು, ಸಂಜೆ ನಾಲ್ಕಕ್ಕೆ ಟೆಂಟಿನ ಗೂಟ ನೆಲದಲ್ಲಿರಬೇಕು.

ಟೆಂಟಿನ ವಿಷಯ ನನ್ನ ಕಸುಬಿನದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ತಾನಾಗಿ ಬಿಚ್ಚಿಕೊಳ್ಳುವ ಒಂಟಿ ಪದರದ ಟೆಂಟು ಲೋಣಾವಳದ ಒಂದು ರಾತ್ರಿಗೆ ಸಾಕು. ಅಲ್ಲಿ ನಾಲ್ಕು ಜನರ ಉಸಿರಿನ ತೇವ ಒಳಮೈಗೆ ಹತ್ತಿ ಬೆಳಗ್ಗೆ ಮಂಜಿನ ಪುಡಿಯಾಗಿ ಮುಖದ ಮೇಲೆ ಉದುರುತ್ತದೆ, ಹಾಸಿಗೆ ಒದ್ದೆಯಾಗುತ್ತದೆ. ಒಳಗೊಂದು ಜಾಳಿಗೆಯ ಪದರ, ಅದರಿಂದ ಗೇಣು ದೂರದಲ್ಲಿ ನೆಲದವರೆಗೆ ಇಳಿಯುವ ಮೇಲ್ಹೊದಿಕೆ, ಎರಡು ಕಡೆ ಗಾಳಿಕಿಂಡಿ ಇರಬೇಕು. ಕೊಳ್ಳುವಾಗ ಹೊಲಿಗೆಯನ್ನು ಒಳಗಿನಿಂದ ನೋಡಿ. ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದರೆ ಸರಿ, ಸೂಜಿ ಚುಚ್ಚಿದ ತೂತು ಬೆಳಕಿಗೆ ಕಂಡರೆ ಅದೇ ದಾರಿಯಲ್ಲಿ ನೀರು ಬರುತ್ತದೆ. ಹಗ್ಗ ಕಟ್ಟುವ ಕಣ್ಣಿನ ಸುತ್ತ ಬಟ್ಟೆ ಎರಡು ಪಟ್ಟು ಇರಬೇಕು, ಗಾಳಿಗೆ ಮೊದಲು ಹರಿಯುವುದು ಆ ಜಾಗ. ಅಲ್ಲಿನ ಹರಳು, ಮರಳು ನೆಲದಲ್ಲಿ ಟೆಂಟಿನ ಜೊತೆ ಬರುವ ತೆಳು ಗೂಟ ನಿಲ್ಲುವುದಿಲ್ಲ. ನಾವು ಖಾಲಿ ಅಕ್ಕಿ ಚೀಲ ಒಯ್ಯುತ್ತೇವೆ, ಕಲ್ಲು ತುಂಬಿ ಹಗ್ಗ ಕಟ್ಟಿ ಮೂಲೆಗಳಿಗೆ ಬಿಡುತ್ತೇವೆ. ಲಡಾಖಿನ ತ್ಸೋ ಕಾರ್ ಸರೋವರದ ಬಯಲಿನಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಗಾಳಿಗೆ ಆ ಚೀಲಗಳೇ ತಡೆದದ್ದು. ಟೆಂಟಿನೊಳಗೆ ಇದ್ದಿಲ ಶೆಗಡಿ, ಸ್ಟೋವ್ ಯಾವುದನ್ನೂ ಹಚ್ಚಬೇಡಿ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಳಿ ತಡೆಯದಿದ್ದರೆ ಕಾರಿನಲ್ಲಿ ಇನ್ನೆರಡು ರಗ್ಗು ಹೆಚ್ಚು ಹಾಕಿಕೊಳ್ಳಿ, ಅಷ್ಟೇ.

ಅಡುಗೆಗೂ ಎತ್ತರದ ಕಾಟ ತಪ್ಪಿದ್ದಲ್ಲ. ಸರ್ಚುವಿನ ಮಟ್ಟದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಇಟ್ಟರೂ ಬೇಳೆ ಗಟ್ಟಿಯಾಗೇ ಇರುತ್ತದೆ. ಕುಕ್ಕರ್ ಬೇಕೇಬೇಕು. ಸಣ್ಣ ಡಬ್ಬಿಯ ಬ್ಯೂಟೇನ್ ಗ್ಯಾಸ್ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಸರಿಯಾಗಿ ಆವಿಯಾಗುವುದಿಲ್ಲ, ಬೆಳಗಿನ ಚಹಾಕ್ಕೇ ಕೈಕೊಡುತ್ತದೆ. ಪ್ರೊಪೇನ್ ಬೆರೆತದ್ದನ್ನು ಕೇಳಿ ತನ್ನಿ. ನಮ್ಮ ಮನೆಯವರು ಹೊರಡುವ ಮುಂಚೆ ಜೋಳದ ಖಡಕ್ ರೊಟ್ಟಿ ಬಡಿದು ಒಣಗಿಸಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಡುತ್ತಾರೆ. ಒಲೆಯೇ ಹಚ್ಚದೆ ದಿನ ತೆಗೆಯಬಹುದು. ಪಾಂಗ್‌ನ ಢಾಬಾದ ಲಡಾಖಿ ತಾಯಿಯೊಬ್ಬರು ರೊಟ್ಟಿಗೆ ಬೆಣ್ಣೆ ಚಹಾ ನೆಂಚಿಕೊಂಡು ತಿಂದು, ಮತ್ತೆರಡು ಕೇಳಿ ಇಟ್ಟುಕೊಂಡರು.

ಪೆಟ್ರೋಲ್‌ಗೆ ಕೇಲಾಂಗ್‌ಗಿಂತ ಮೊದಲು ಸಿಗುವ ತಾಂಡಿಯಲ್ಲಿ ಟ್ಯಾಂಕ್ ಭರ್ತಿ ಮಾಡಿ. ಮುಂದಿನ ಪಂಪು 365 ಕಿಲೋಮೀಟರಿಗೆ ಎಂಬ ಅಲ್ಲಿನ ಫಲಕ ಎಲ್ಲ ಚಾಲಕರಿಗೂ ಗೊತ್ತು. ಪ್ರೀಪೇಯ್ಡ್ ಸಿಮ್ ಹೊರ ರಾಜ್ಯದ್ದಾದರೆ ಲಡಾಖಿನಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ವಿದೇಶದಿಂದ ಯಾರೋ ತಂದುಕೊಟ್ಟ ಸ್ಯಾಟಲೈಟ್ ಫೋನ್ ಒಯ್ಯುತ್ತೇನೆ ಎಂದು ಒಬ್ಬರು ಹೇಳಿದರು. ಪರವಾನಗಿ ಇಲ್ಲದೆ ಅದು ನಮ್ಮ ದೇಶದಲ್ಲಿ ಅಪರಾಧ, ಗಡಿಯ ಹತ್ತಿರವಂತೂ ಬೇಡವೇ ಬೇಡ. ಬಾಡಿಗೆಯ ಸೆಲ್ಫ್ ಡ್ರೈವ್ ಕಾರನ್ನು ಲೇಹ್ ಸುತ್ತಮುತ್ತ ಓಡಿಸಲು ಅಲ್ಲಿನ ಟ್ಯಾಕ್ಸಿಯವರು ಬಿಡುವುದಿಲ್ಲ. ಸ್ವಂತ ಹೆಸರಿನ ಗಾಡಿ, ಅದರ ಕಾಗದ ಜೊತೆಗಿರಲಿ.

ಕನ್ನಡಿಗರು ಒಂದು ದಿನ ಹೆಚ್ಚಿಟ್ಟುಕೊಂಡು ಹಾನ್ಲೆಗೆ ಹೋಗಿ ಬರಲಿ ಎಂಬುದು ನನ್ನ ಆಸೆ. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ಬೆಟ್ಟದ ಮೇಲೆ ನಿಂತಿರುವ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವವರು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತಿದ್ದಾರೆ. ಲಡಾಖಿನ ಆಕಾಶದತ್ತ ಹೊಸಕೋಟೆಯಿಂದ ಕಣ್ಣು ತಿರುಗಿಸುತ್ತಾರೆ ಎಂದು ಸಂಘದ ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಆದರೆ ಹಾನ್ಲೆ ಪ್ರವಾಸದ ಕೊನೆಗೆ ಇರಲಿ, ಮೈ ಪೂರ್ತಿ ಒಗ್ಗಿದ ಮೇಲೆ. ಅಲ್ಲಿ ರಾತ್ರಿ ಹೆಡ್‌ಲೈಟ್ ಉರಿಸಿಕೊಂಡು ತಿರುಗಬೇಡಿ. 2022ರಿಂದ ಅದು ಕತ್ತಲನ್ನು ಕಾಪಾಡಲೆಂದೇ ಗುರುತಿಸಿದ ಪ್ರದೇಶ.

ನೀರಿನ ದಂಡೆಯಲ್ಲೇ ಟೆಂಟು ಹಾಕಬೇಕು, ಫೋಟೊ ಚೆನ್ನಾಗಿ ಬರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದದ್ದೂ ನನಗೆ ಸಂಕಟ ತಂದಿತು. ಚಂದ್ರತಾಲ್ ದಂಡೆಯಲ್ಲಿ ಟೆಂಟು ಹಾಕುವಂತಿಲ್ಲ, ಡೇರೆಗಳೆಲ್ಲ ಕೆಲವು ಕಿಲೋಮೀಟರ್ ಹಿಂದಿವೆ. ತ್ಸೋ ಮೊರೀರಿ, ತ್ಸೋ ಕಾರ್ ಎರಡೂ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೌಗು ಪ್ರದೇಶಗಳು. ಕಪ್ಪು ಕೊರಳಿನ ಕೊಕ್ಕರೆ ಅಲ್ಲಿ ನೆಲದ ಮೇಲೇ ಗೂಡು ಕಟ್ಟುತ್ತದೆ. ಪ್ರವಾಸಿಗರು ಬಿಸಾಡಿದ್ದನ್ನು ತಿಂದು ಬೆಳೆದ ನಾಯಿಗಳು ಆ ಮೊಟ್ಟೆಗಳನ್ನು ತಿನ್ನುತ್ತವೆ. ನಾವು ಹೋದಾಗ ನನ್ನ ಕಾರ್ಖಾನೆಯ ತುಂಡು ತಾಡಪತ್ರಿಯಿಂದ ಹೊಲಿದ ಒಂದು ಚೀಲ ಡಿಕ್ಕಿಗೆ ಕಟ್ಟಿರುತ್ತೇವೆ, ಚಾಕಲೇಟಿನ ಕಾಗದವೂ ಅದಕ್ಕೇ ಬೀಳಬೇಕು, ಲೇಹ್ ಅಥವಾ ಮನಾಲಿ ಬಂದ ಮೇಲೇ ಖಾಲಿಯಾಗಬೇಕು. ಬೇಕೆಂದವರಿಗೆ ಅಂಥ ಚೀಲವನ್ನು ನಾನು ಹಣ ತೆಗೆದುಕೊಳ್ಳದೆ ಹೊಲಿದುಕೊಡುತ್ತೇನೆ.

ಸಂಪಾದಕರಲ್ಲಿ ನನ್ನ ಬೇಡಿಕೆ ಎರಡು. ಆ ಪಟ್ಟಿಯನ್ನು ನಂಬಿ ಹೊರಡುವ ಓದುಗರು ನಮ್ಮ ಸಂಘದಲ್ಲಿ ಮಾತ್ರ ಇರಲಾರರು, ಆದ್ದರಿಂದ ಬರುವ ಭಾನುವಾರವೇ ಅದೇ ಪುರವಣಿಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಇನ್ನು ಮುಂದೆ ಹಿಮಾಲಯದ ಯಾವ ಪ್ರವಾಸದ ಲೇಖನ ಬಂದರೂ ಪ್ರತಿ ಮುಕ್ಕಾಮಿನ ಹೆಸರಿನ ಮುಂದೆ ಅದರ ಎತ್ತರ ಅಚ್ಚಾಗಲಿ, ಬರೆದವರು ಕೊಡದಿದ್ದರೆ ನಿಮ್ಮ ಕಚೇರಿಯವರು ಕೇಳಿ ತರಿಸಿಕೊಳ್ಳಲಿ. ಮುಂಬೈ, ಪುಣೆಯ ಕನ್ನಡ ಸಂಘಗಳು ಕರೆದರೆ ಟೆಂಟು, ನಕ್ಷೆ, ಕುಕ್ಕರ್ ಎಲ್ಲ ಹೊತ್ತುಕೊಂಡು ಬಂದು ಸಭಾಂಗಣದಲ್ಲೇ ಹಾಕಿ ತೋರಿಸಲು ನಾನು ಸಿದ್ಧ. ಗುರುವಾರ ಕಾರ್ಖಾನೆಗೆ ರಜೆ, ಆ ದಿನ ಇಟ್ಟುಕೊಂಡರೆ ಅನುಕೂಲ.

ತಮ್ಮ ವಿಶ್ವಾಸಿ,
ಒಬ್ಬ ಟೆಂಟ್ ತಯಾರಕ,
ಭೋಸರಿ, ಪುಣೆ